ಸ್ವಿಚ್ಚಿನ ಸ್ವಭಾವ ತಿಳಿದುಕೊಂಡ ಕಥೆ

ಊರಿನಿಂದ ಮಿಕ್ಸಿ ಹೊತ್ತು ತಂದವರಿಗೆಲ್ಲ ಒಂದು ವಿಷಯ ಗೊತ್ತು. ಅದಕ್ಕೆ ಬೇಕಾದದ್ದು 230 ವೋಲ್ಟ್, ಅಮೆರಿಕದ ಗೋಡೆಯಲ್ಲಿ ಸಿಗುವುದು 120 ವೋಲ್ಟ್. ಹಾಗಾಗಿ ಚಟ್ನಿ ರುಬ್ಬಬೇಕಾದರೆ ಇಟ್ಟಿಗೆಯಂಥ ಭಾರದ ಟ್ರಾನ್ಸ್‌ಫಾರ್ಮರನ್ನು ಅಡುಗೆಮನೆಯಲ್ಲಿ ಕೂರಿಸಿಕೊಳ್ಳಬೇಕು. ಅದೇ ಸೂಟ್‌ಕೇಸಿನಲ್ಲಿ ಬಂದ ಫೋನಿನ ಚಾರ್ಜರಿಗೆ ಈ ಉಪಚಾರ ಬೇಕಿಲ್ಲ. ಪಿನ್ನು ಹೊಂದಿಸಿ ಸಿಕ್ಕಿಸಿದರೆ ಸಾಕು. ಅದರ ಬೆನ್ನ ಮೇಲೆ ಸಣ್ಣ ಅಕ್ಷರದಲ್ಲಿ 100ರಿಂದ 240 ವೋಲ್ಟ್ ಎಂದು ಅಚ್ಚಾಗಿರುತ್ತದೆ. ಒಳಗೆ ಎಷ್ಟೇ ಬರಲಿ, ಹೊರಗೆ ಹೋಗುವ 5 ವೋಲ್ಟ್ ಅಲುಗಾಡುವುದಿಲ್ಲ.

ಇದನ್ನು ಸಾಧ್ಯ ಮಾಡಿದ ಉಪಕರಣಕ್ಕೆ ಸ್ವಿಚಿಂಗ್ ಕನ್ವರ್ಟರ್ ಎಂದು ಹೆಸರು. ಇದನ್ನು ಕಟ್ಟುವುದನ್ನು ಇಂಜಿನಿಯರುಗಳು ಬಹಳ ಹಿಂದೆಯೇ ಕಲಿತಿದ್ದರು. ಆದರೆ ಅದು ಯಾವಾಗ ಸ್ಥಿರವಾಗಿ ನಿಲ್ಲುತ್ತದೆ, ಯಾವಾಗ ತಾನೇ ತಾನಾಗಿ ಓಲಾಡತೊಡಗುತ್ತದೆ ಎಂದು ಮೊದಲೇ ಲೆಕ್ಕಹಾಕಿ ಹೇಳುವ ವಿದ್ಯೆ ಕೈಗೆ ಬಂದದ್ದು 1970ರ ದಶಕದಲ್ಲಿ. ಆ ಕೆಲಸದ ಬಹುಭಾಗ ನಡೆದದ್ದು ಲಾಸ್ ಏಂಜಲೀಸ್ ಪಕ್ಕದ ಪ್ಯಾಸಡೀನಾದಲ್ಲಿರುವ ಕ್ಯಾಲ್‌ಟೆಕ್ ಸಂಸ್ಥೆಯಲ್ಲಿ. ಅದರ ಒಂದು ಎಳೆ ನಮ್ಮ ಬೆಂಗಳೂರಿಗೂ ತಲುಪಿದೆ. ಗಣಿತ ಕಂಡರೆ ದೂರ ಹೋಗುವವರು ಹೆದರಬೇಕಿಲ್ಲ, ಇಲ್ಲಿ ಸಮೀಕರಣಗಳಿಲ್ಲ.

ಎರಡು ದಾರಿಗಳು

ಕಾರಿನ 12 ವೋಲ್ಟ್ ಬ್ಯಾಟರಿಯಿಂದ 5 ವೋಲ್ಟ್ ಪಡೆಯಬೇಕು ಎಂದುಕೊಳ್ಳಿ. ಹಳೆಯ ದಾರಿಯಲ್ಲಿ ನಡುವೆ ಒಂದು ಟ್ರಾನ್ಸಿಸ್ಟರ್ ಕುಳಿತು, ಹೆಚ್ಚಾದ 7 ವೋಲ್ಟನ್ನು ತಾನೇ ನುಂಗಿ ಬಿಸಿಯಾಗಿ ಹೊರಹಾಕುತ್ತದೆ. 3 ಆಂಪಿಯರ್ ಹರಿಯುತ್ತಿದ್ದರೆ ನಮಗೆ ದಕ್ಕುವುದು 15 ವಾಟ್, ಬಿಸಿಯಾಗಿ ಹೋಗುವುದು 21 ವಾಟ್. ಊಟಕ್ಕಿಂತ ಎಲೆಯಲ್ಲಿ ಬಿಟ್ಟದ್ದೇ ಹೆಚ್ಚು!

ಎರಡನೆಯ ದಾರಿಯಲ್ಲಿ ಟ್ರಾನ್ಸಿಸ್ಟರು ನುಂಗುವ ಕೆಲಸ ಮಾಡುವುದಿಲ್ಲ. ಸ್ವಿಚ್ಚಿನಂತೆ ಪೂರ್ತಿ ತೆರೆಯುತ್ತದೆ, ಪೂರ್ತಿ ಮುಚ್ಚುತ್ತದೆ. ಸೆಕೆಂಡಿಗೆ ಒಂದು ಲಕ್ಷ ಸಲ ಎಂದಿಟ್ಟುಕೊಂಡರೆ ಒಂದು ಸುತ್ತಿಗೆ 10 ಮೈಕ್ರೋಸೆಕೆಂಡು. ಅದರಲ್ಲಿ ಸುಮಾರು 4.2 ಮೈಕ್ರೋಸೆಕೆಂಡು ಮಾತ್ರ 12 ವೋಲ್ಟನ್ನು ಒಳಗೆ ಬಿಟ್ಟರೆ ಸರಾಸರಿ 5 ವೋಲ್ಟ್ ಆಗುತ್ತದೆ. ಹೀಗೆ ತುಂಡುತುಂಡಾಗಿ ಬಂದ ವಿದ್ಯುತ್ತನ್ನು ಒಂದು ಸುರುಳಿ, ಅಂದರೆ ಇಂಡಕ್ಟರ್, ಮತ್ತು ಒಂದು ಕೆಪಾಸಿಟರ್ ಸೇರಿ ನಯಮಾಡುತ್ತವೆ. ನಮ್ಮ ಹಳ್ಳಿಗಳ ಕಪಿಲೆ ಬಾವಿಯನ್ನು ನೋಡಿದ ಹಿರಿಯರಿಗೆ ಇದು ಕೂಡಲೇ ಅರ್ಥವಾದೀತು. ಚರ್ಮದ ಚೀಲ ಬಾವಿಯಿಂದ ಮೇಲೆ ಬಂದು ಒಮ್ಮೆಲೇ ನೀರು ಸುರಿಯುತ್ತದೆ, ಮತ್ತೆ ಕೆಳಗೆ ಹೋಗುತ್ತದೆ. ಆದರೆ ನಡುವೆ ಒಂದು ದೊಡ್ಡ ತೊಟ್ಟಿ ಇದ್ದರೆ ಕಾಲುವೆಯಲ್ಲಿ ನೀರು ಒಂದೇ ಸಮನೆ ಹರಿಯುತ್ತದೆ.

ಇದರಲ್ಲಿ ಬಿಸಿಯಾಗಿ ಹೋಗುವುದು ಬಹಳ ಕಡಿಮೆ, ತೂಕವೂ ಕಡಿಮೆ. ಒಂದೊಂದು ವಾಟನ್ನೂ ಒಂದೊಂದು ಗ್ರಾಮನ್ನೂ ಎಣಿಸಬೇಕಾದ ಉಪಗ್ರಹಗಳಿಗೆ ಇದು ವರವಾಯಿತು. ಮನೆಗೆ ಬರುವ ಕಂಪ್ಯೂಟರುಗಳಲ್ಲಿ 1977ರ ಆಪಲ್ 2 ಇದನ್ನು ಬಳಸಿಕೊಂಡಿತು. ಅದರ ಪವರ್ ಸಪ್ಲೈಯನ್ನು ರೂಪಿಸಿದವರು ರಾಡ್ ಹೋಲ್ಟ್ ಎಂಬ ಇಂಜಿನಿಯರು.

ಮೈಕಿನ ಕೂಗು

ಬ್ಯಾಟರಿ 12 ವೋಲ್ಟಿನಿಂದ 10ಕ್ಕೆ ಇಳಿದರೆ, ಅಥವಾ ಆಚೆ ಕಡೆ ಲೋಡು ಒಮ್ಮೆಲೇ ಹೆಚ್ಚಾದರೆ, ಸ್ವಿಚ್ಚು ತೆರೆದಿರುವ ಕಾಲವನ್ನು ತಕ್ಷಣ ಬದಲಿಸಬೇಕು. ಅದಕ್ಕಾಗಿ ಹೊರಗಿನ ವೋಲ್ಟೇಜನ್ನು ಸದಾ ಅಳೆಯುತ್ತ, ಕಡಿಮೆಯಾದರೆ ಏರಿಸುವ, ಹೆಚ್ಚಾದರೆ ಇಳಿಸುವ ಫೀಡ್‌ಬ್ಯಾಕ್ ಇರುತ್ತದೆ. ಫೀಡ್‌ಬ್ಯಾಕ್ ಎಂದರೆ ಏನು ತೊಂದರೆ ಎಂಬುದನ್ನು ರಾಜ್ಯೋತ್ಸವದ ಕಾರ್ಯಕ್ರಮಗಳಲ್ಲಿ ನಾವೆಲ್ಲ ಕಿವಿಯಾರೆ ಅನುಭವಿಸಿದ್ದೇವೆ. ಸ್ಪೀಕರಿನ ಸದ್ದು ಮತ್ತೆ ಮೈಕಿಗೆ ಹೋಗಿ, ಅದು ಮತ್ತೆ ಸ್ಪೀಕರಿನಲ್ಲಿ ಬಂದು, ಭಾಷಣದ ನಡುವೆ ಕೂಗು ಹೊರಡುತ್ತದೆ. ತಿದ್ದುವುದಕ್ಕೆಂದು ಇಟ್ಟ ಫೀಡ್‌ಬ್ಯಾಕು ಕೂಡ, ತಿದ್ದುಪಡಿ ತಡವಾಗಿ ಬಂದರೆ, ಇದೇ ರೀತಿ ಕೂಗತೊಡಗುತ್ತದೆ.

ಈ ವಿಷಯದ ಶಾಸ್ತ್ರ ಟೆಲಿಫೋನ್ ಇಂಜಿನಿಯರುಗಳಿಂದ ಬಂತು. 1927ರ ಆಗಸ್ಟ್ 2ರಂದು ಬೆಲ್ ಲ್ಯಾಬ್ಸಿನ ಹೆರಾಲ್ಡ್ ಬ್ಲ್ಯಾಕ್ ಹಡ್ಸನ್ ನದಿಯನ್ನು ದೋಣಿಯಲ್ಲಿ ದಾಟುತ್ತಿದ್ದಾಗ ಋಣಾತ್ಮಕ ಫೀಡ್‌ಬ್ಯಾಕ್ ಆಂಪ್ಲಿಫೈಯರಿನ ಯೋಚನೆ ಹೊಳೆದು, ಕೈಯಲ್ಲಿದ್ದ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಹಾಳೆಯ ಮೇಲೆಯೇ ಅದನ್ನು ಬರೆದಿಟ್ಟರು. 1932ರಲ್ಲಿ ಹ್ಯಾರಿ ನೈಕ್ವಿಸ್ಟ್ ಇಂಥ ಆಂಪ್ಲಿಫೈಯರು ಯಾವಾಗ ಕೂಗುತ್ತದೆ ಎಂಬುದಕ್ಕೆ ನಿಯಮ ಕೊಟ್ಟರು. ಹೆಂಡ್ರಿಕ್ ಬೋಡೆ ಅದನ್ನು ಎರಡು ಸರಳ ಗ್ರಾಫುಗಳಲ್ಲಿ ಓದುವಂತೆ ಮಾಡಿದರು. ಅವರ ಪುಸ್ತಕ 1945ರಲ್ಲಿ ಬಂತು.

ಆ ಗ್ರಾಫುಗಳು ತೋರಿಸುವುದೇ ಆವರ್ತನ ಪ್ರತಿಕ್ರಿಯೆ. ಉಯ್ಯಾಲೆಯ ಹಗ್ಗವನ್ನು ಬಹಳ ನಿಧಾನವಾಗಿ ಎಳೆದರೆ ಅದು ಕೈಯ ಜೊತೆಗೇ ಬರುತ್ತದೆ. ಅದರ ಲಯಕ್ಕೆ ಸರಿಯಾಗಿ ಎಳೆದರೆ ಬಹಳ ಎತ್ತರಕ್ಕೆ ಹೋಗುತ್ತದೆ. ಪಟಪಟನೆ ಅಲುಗಾಡಿಸಿದರೆ ಅದು ನಿಂತಲ್ಲೇ ಇರುತ್ತದೆ. ಯಾವ ವೇಗದಲ್ಲಿ ಕೆಣಕಿದರೆ ಎಷ್ಟು ಪ್ರತಿಕ್ರಿಯೆ, ಎಷ್ಟು ತಡ, ಎಂಬ ಈ ಪಟ್ಟಿಯೇ ಒಂದು ಯಂತ್ರದ ಜಾತಕ. ಈ ಜಾತಕ ಇದ್ದರೆ ಫೀಡ್‌ಬ್ಯಾಕನ್ನು ಕಟ್ಟುವ ಮೊದಲೇ ಅದು ಕೂಗುತ್ತದೋ ಇಲ್ಲವೋ ಹೇಳಬಹುದು.

ಆದರೆ ಸ್ವಿಚಿಂಗ್ ಕನ್ವರ್ಟರಿನ ಜಾತಕ ಬರೆಯಲು ದಾರಿಯಿರಲಿಲ್ಲ. ಬೋಡೆಯ ಗಣಿತಕ್ಕೆ ಸರ್ಕಿಟ್ಟು ಸದಾ ಒಂದೇ ಆಗಿರಬೇಕು. ಇಲ್ಲಿ ಸ್ವಿಚ್ಚು ತೆರೆದಾಗ ಒಂದು ಸರ್ಕಿಟ್ಟು, ಮುಚ್ಚಿದಾಗ ಇನ್ನೊಂದು. ಎರಡೂ ಸೆಕೆಂಡಿಗೆ ಸಾವಿರಾರು ಸಲ ಅದಲುಬದಲಾಗುತ್ತವೆ. ಹಾಗಾಗಿ ಮಾಡಿ ನೋಡುವುದು, ಕೆಪಾಸಿಟರು ಬದಲಿಸುವುದು, ಮತ್ತೆ ಮಾಡಿ ನೋಡುವುದು, ಇದೇ ರೂಢಿಯ ದಾರಿಯಾಗಿತ್ತು. ಮೇಜಿನ ಮೇಲೆ ಸರಿಯಾಗಿ ನಡೆದದ್ದು ಬಿಸಿಲಿನಲ್ಲೋ, ಬೇರೆ ಲೋಡಿನಲ್ಲೋ ಕೈಕೊಡಬಹುದು. ಉಪಗ್ರಹವನ್ನು ಮೇಲೆ ಕಳಿಸಿದ ಮೇಲೆ ಕೆಪಾಸಿಟರು ಬದಲಿಸಲು ಯಾರು ಹೋಗುತ್ತಾರೆ?

ಮಿಡಲ್‌ಬ್ರುಕ್ ಮತ್ತು ಶಿಷ್ಯರು

ರಾಬರ್ಟ್ ಡೇವಿಡ್ ಮಿಡಲ್‌ಬ್ರುಕ್ 1929ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿ, ಕೇಂಬ್ರಿಡ್ಜ್‌ನಲ್ಲಿ ಓದಿ, ಸ್ಟ್ಯಾನ್‌ಫರ್ಡ್‌ನಲ್ಲಿ ಡಾಕ್ಟರೇಟ್ ಮುಗಿಸಿ, 1955ರಲ್ಲಿ ಕ್ಯಾಲ್‌ಟೆಕ್ ಸೇರಿದರು. ಅವರ ಮೊದಲ ಹೆಸರು ಟ್ರಾನ್ಸಿಸ್ಟರ್ ಸಿದ್ಧಾಂತದಲ್ಲಿ. 1957ರಲ್ಲೇ ಆ ಬಗ್ಗೆ ಪುಸ್ತಕ ಬರೆದಿದ್ದರು. ಟ್ರಾನ್ಸಿಸ್ಟರೂ ಸರಳರೇಖೆಯಂತೆ ನಡೆಯುವ ವಸ್ತುವಲ್ಲ. ಆದರೆ ಅದು ನಿಂತಿರುವ ಸ್ಥಿತಿಯ ಸುತ್ತ ಸ್ವಲ್ಪವೇ ಅಲುಗಾಡಿದಾಗ ಸರಳರೇಖೆಯಂತೆಯೇ ಕಾಣುತ್ತದೆ. ಆ ಅನುಭವ ಮುಂದೆ ಅವರ ಕೈಹಿಡಿಯಿತು.

1970ರ ದಶಕದ ಮೊದಲಿನಲ್ಲಿ ಅವರ ವಿದ್ಯಾರ್ಥಿ ಜೀನ್ ವೆಸ್ಟರ್ ಜೊತೆ ಅವರು ಸ್ವಿಚಿಂಗ್ ಕನ್ವರ್ಟರನ್ನು ಕೈಗೆತ್ತಿಕೊಂಡರು. 1973ರಲ್ಲಿ ಇಬ್ಬರ ಹೆಸರಿನಲ್ಲಿ ಪ್ರಕಟವಾದ ಪ್ರಬಂಧದ ತಿರುಳನ್ನು ಹೀಗೆ ಹೇಳಬಹುದು: ಒಂದೊಂದು ತೆರೆಯುವಿಕೆ ಮುಚ್ಚುವಿಕೆಯನ್ನೂ ಲೆಕ್ಕ ಇಡಬೇಡಿ, ಪ್ರತಿ ಸುತ್ತಿನ ಸರಾಸರಿಯನ್ನು ಮಾತ್ರ ನೋಡಿ. ಕಪಿಲೆಯ ಯಜಮಾನ ಪ್ರತಿ ಚೀಲವನ್ನು ಎಣಿಸುವುದಿಲ್ಲ. ಗದ್ದೆಗೆ ಗಂಟೆಗೆ ಎಷ್ಟು ನೀರು ಹೋಯಿತು ಎಂದು ನೋಡುತ್ತಾನೆ.

ಇದು ಸೋಮಾರಿಗಳ ಉಪಾಯದಂತೆ ಕಾಣಬಹುದು. ಆದರೆ ಅದಕ್ಕೆ ಆಧಾರವಿದೆ. ನಮ್ಮ ಉದಾಹರಣೆಯಲ್ಲಿ ಇಂಡಕ್ಟರು 100 ಮೈಕ್ರೋಹೆನ್ರಿ, ಕೆಪಾಸಿಟರು 100 ಮೈಕ್ರೋಫ್ಯಾರಡ್ ಆದರೆ, ಎರಡೂ ಸೇರಿ ಉಯ್ಯಾಲೆಯಂತೆ ತೂಗುವ ಸಹಜ ಲಯ ಸೆಕೆಂಡಿಗೆ ಸುಮಾರು 1,600 ಸಲ. ಸ್ವಿಚ್ಚು ಬಡಿಯುವುದು 1,00,000 ಸಲ. ಅರವತ್ತರಷ್ಟು ಅಂತರ! ಒಂದು ಬಡಿತದಲ್ಲಿ ತೊಟ್ಟಿಯ ಮಟ್ಟ ಅಷ್ಟೇನೂ ಬದಲಾಗದು. ಹೀಗಾಗಿ ಸರಾಸರಿ ತೆಗೆದರೆ ಕಳೆದುಕೊಳ್ಳುವುದು ಬಡಿತದ ಸದ್ದನ್ನು ಮಾತ್ರ, ಕನ್ವರ್ಟರಿನ ನಡತೆಯನ್ನಲ್ಲ.

ಮುಂದಿನ ಹೆಜ್ಜೆ ಇಟ್ಟವರು ಬೆಲ್‌ಗ್ರೇಡಿನಿಂದ ಬಂದ ಸ್ಲೊಬೋದಾನ್ ಚುಕ್. ವೆಸ್ಟರ್ ದಾರಿಯಲ್ಲಿ ಪ್ರತಿಯೊಂದು ಬಗೆಯ ಕನ್ವರ್ಟರಿಗೂ ಬೇರೆ ಬೇರೆ ಕಸರತ್ತು ಬೇಕಿತ್ತು. 1976ರಲ್ಲಿ ಮಿಡಲ್‌ಬ್ರುಕ್ ಮತ್ತು ಚುಕ್ ಸ್ಟೇಟ್ ಸ್ಪೇಸ್ ಆವರೇಜಿಂಗ್ ಎಂಬ ಸಾಮಾನ್ಯ ವಿಧಾನವನ್ನು ಮಂಡಿಸಿದರು. ತೆರೆದಾಗಿನ ಸಮೀಕರಣಗಳನ್ನು ಬರೆಯಿರಿ, ಮುಚ್ಚಿದಾಗಿನದನ್ನು ಬರೆಯಿರಿ, ಎರಡಕ್ಕೂ ಅವುಗಳ ಕಾಲದ ಪಾಲಿನಷ್ಟು ತೂಕ ಕೊಟ್ಟು ಕೂಡಿಸಿ. ಆಮೇಲೆ ನಿಂತ ಸ್ಥಿತಿಯ ಸುತ್ತ ಸ್ವಲ್ಪ ಅಲುಗಾಡಿಸಿ ನೋಡಿ. ಬೋಡೆಯ ಗ್ರಾಫು ಅಲ್ಲಿಯೇ ಸಿದ್ಧ. ವೋಲ್ಟೇಜ್ ಇಳಿಸುವ ಬಕ್, ಏರಿಸುವ ಬೂಸ್ಟ್, ಎರಡೂ ಮಾಡುವ ಬಕ್ ಬೂಸ್ಟ್, ಎಲ್ಲಕ್ಕೂ ಒಂದೇ ಅಡುಗೆ ಕ್ರಮ. ಚುಕ್ ತಾವೇ ಕಂಡುಹಿಡಿದ ಹೊಸ ಬಗೆಯ ಕನ್ವರ್ಟರು ಇಂದಿಗೂ ಅವರ ಹೆಸರಿನಲ್ಲೇ ನಡೆಯುತ್ತಿದೆ.

ಮೊದಲು ಹಿಂದೆ, ಆಮೇಲೆ ಮುಂದೆ

ಈ ಲೆಕ್ಕಗಳಿಂದ ಸ್ಪಷ್ಟವಾದ ಒಂದು ಸಂಗತಿ ವಿಚಿತ್ರವಾದದ್ದು. ಬೂಸ್ಟ್ ಕನ್ವರ್ಟರಿನಲ್ಲಿ ಸ್ವಿಚ್ಚು ಹಾಕಿರುವಾಗ ಇಂಡಕ್ಟರು ತುಂಬಿಕೊಳ್ಳುತ್ತದೆ. ಆಗ ಹೊರಗಿನ ಕೆಪಾಸಿಟರಿಗೆ ಏನೂ ಬರುವುದಿಲ್ಲ. ಸ್ವಿಚ್ಚು ತೆಗೆದಾಗ ಮಾತ್ರ ಇಂಡಕ್ಟರು ತನ್ನಲ್ಲಿದ್ದುದನ್ನು ಹೊರಗೆ ಕೊಡುತ್ತದೆ. ಹೊರಗೆ ಹೆಚ್ಚು ಬೇಕು ಎಂದು ಸ್ವಿಚ್ಚು ಹಾಕಿರುವ ಕಾಲವನ್ನು ಹೆಚ್ಚಿಸಿದರೆ ಕೊಡುವ ಕಾಲ ಕಡಿಮೆಯಾಗಿ ವೋಲ್ಟೇಜು ಮೊದಲು ಕೆಳಗಿಳಿಯುತ್ತದೆ! ಇಂಡಕ್ಟರಿನ ಕರೆಂಟು ಹಲವು ಸುತ್ತುಗಳಲ್ಲಿ ಬೆಳೆದ ಮೇಲೆಯೇ ವೋಲ್ಟೇಜು ಮೇಲೇರುತ್ತದೆ.

ಹೆಚ್ಚು ಸಂಬಳ ಬರಲೆಂದು ಇದ್ದ ಕೆಲಸ ಬಿಟ್ಟು ಎಂ.ಎಸ್. ಓದಲು ಹೋದವರಿಗೆ ಇದು ಹೊಸದಲ್ಲ. ಮೊದಲ ಎರಡು ವರ್ಷ ಮನೆಯ ಆದಾಯ ಇಳಿಯುತ್ತದೆ, ಆಮೇಲೆ ಏರುತ್ತದೆ. ಆದರೆ ಆದಾಯ ಇಳಿದದ್ದನ್ನು ಕಂಡ ಮನೆಯವರು ಗಾಬರಿಯಿಂದ ಇನ್ನೊಂದು ಡಿಗ್ರಿಗೂ ಸೇರಿಕೊಳ್ಳಿ ಎಂದರೆ ಏನಾದೀತು? ಅವಸರದ ಫೀಡ್‌ಬ್ಯಾಕು ಬೂಸ್ಟ್ ಕನ್ವರ್ಟರಿಗೆ ಮಾಡುವುದು ಇದನ್ನೇ.

ಇಂಜಿನಿಯರುಗಳ ಭಾಷೆಯಲ್ಲಿ ಇದು ರೈಟ್ ಹಾಫ್ ಪ್ಲೇನ್ ಝೀರೋ. ಇದರ ತಂಟೆ ಏನೆಂದರೆ, ಸಾಮಾನ್ಯ ತಡದ ಜೊತೆ ಪ್ರತಿಕ್ರಿಯೆಯ ಬಲವೂ ಕುಗ್ಗುತ್ತದೆ. ಇಲ್ಲಿ ತಡ ಹೆಚ್ಚಾದಂತೆ ಬಲವೂ ಹೆಚ್ಚುತ್ತದೆ. 5 ವೋಲ್ಟಿನಿಂದ 12 ವೋಲ್ಟಿಗೆ ಏರಿಸುವ, 100 ಮೈಕ್ರೋಹೆನ್ರಿ ಇಂಡಕ್ಟರಿನ ಕನ್ವರ್ಟರು 1 ಆಂಪಿಯರ್ ಕೊಡುತ್ತಿದ್ದರೆ ಈ ಝೀರೋ ಸುಮಾರು 3,300 ಹರ್ಟ್ಜಿನಲ್ಲಿ ಬರುತ್ತದೆ. ಲೋಡು 2 ಆಂಪಿಯರ್ ಆದರೆ ಅದು 1,650ಕ್ಕೆ ಇಳಿಯುತ್ತದೆ. ಫೀಡ್‌ಬ್ಯಾಕು ಅದಕ್ಕಿಂತ ಎಷ್ಟೋ ನಿಧಾನವಾಗಿ ಕೆಲಸ ಮಾಡಬೇಕು. ಕಡಿಮೆ ಲೋಡಿನಲ್ಲಿ ಸಾಧುವಾಗಿದ್ದ ಕನ್ವರ್ಟರು ಪೂರ್ತಿ ಲೋಡಿನಲ್ಲಿ ಏಕೆ ಕೂಗುತ್ತದೆ ಎಂಬ ಒಗಟಿಗೆ ಹೀಗೆ ಉತ್ತರ ಸಿಕ್ಕಿತು. ಅದು ಬಿಡಿಭಾಗದ ದೋಷವಾಗಿರಲಿಲ್ಲ, ಆ ಸರ್ಕಿಟ್ಟಿನ ಹುಟ್ಟುಗುಣವಾಗಿತ್ತು.

ಇನ್ನೊಂದು ಒಗಟನ್ನು ಮಿಡಲ್‌ಬ್ರುಕ್ 1976ರಲ್ಲೇ ಬಿಡಿಸಿದರು. ಸ್ವಿಚ್ಚಿನ ಗದ್ದಲ ಹೊರಗಿನ ತಂತಿಗೆ ಹೋಗದಿರಲೆಂದು ಕನ್ವರ್ಟರಿನ ಮುಂದೆ ಒಂದು ಫಿಲ್ಟರ್ ಹಾಕುತ್ತಾರೆ. ಚೆನ್ನಾಗಿ ನಡೆಯುತ್ತಿದ್ದ ಕನ್ವರ್ಟರು ಫಿಲ್ಟರ್ ಹಾಕಿದ ಕೂಡಲೇ ಓಲಾಡತೊಡಗುವುದುಂಟು. ಕಾರಣ ಇಷ್ಟು: ಒಳ್ಳೆಯ ಕನ್ವರ್ಟರು ಯಾವಾಗಲೂ ಒಂದೇ ಪ್ರಮಾಣದ ಶಕ್ತಿಯನ್ನು ಎಳೆಯುತ್ತದೆ. 60 ವಾಟಿನ ಕನ್ವರ್ಟರು 12 ವೋಲ್ಟಿನಲ್ಲಿ 5 ಆಂಪಿಯರ್ ಎಳೆದರೆ 10 ವೋಲ್ಟಿನಲ್ಲಿ 6 ಆಂಪಿಯರ್ ಎಳೆಯುತ್ತದೆ. ಸಾಮಾನ್ಯ ರೆಸಿಸ್ಟರಿನಲ್ಲಿ ವೋಲ್ಟೇಜು ಇಳಿದರೆ ಕರೆಂಟೂ ಇಳಿಯುತ್ತದೆ. ಇಲ್ಲಿ ಉಲ್ಟಾ. ಹೀಗೆ ಉಲ್ಟಾ ನಡೆಯುವ ವಸ್ತು ಫಿಲ್ಟರಿನ ತೂಗಾಟವನ್ನು ತಣಿಸುವ ಬದಲು ತಳ್ಳುತ್ತದೆ. ಕನ್ವರ್ಟರು ತನ್ನ ಕೆಲಸವನ್ನು ಎಷ್ಟು ನಿಷ್ಠೆಯಿಂದ ಮಾಡುತ್ತದೋ ಅಷ್ಟೂ ಇದು ಖಚಿತ. ಫಿಲ್ಟರಿನ ಇಂಪೀಡೆನ್ಸು ಕನ್ವರ್ಟರಿನದಕ್ಕಿಂತ ಬಹಳ ಕಡಿಮೆ ಇರಬೇಕು ಎಂಬ ಅವರ ನಿಯಮವನ್ನು ಈಗಲೂ ಮಿಡಲ್‌ಬ್ರುಕ್ ಕ್ರೈಟೀರಿಯನ್ ಎಂದೇ ಕರೆಯುತ್ತಾರೆ.

ಕಾಗದದ ಮೇಲಿನ ಜಾತಕ ನಿಜವೋ ಎಂದು ಪರೀಕ್ಷಿಸುವ ಉಪಾಯವೂ ಬೇಕಿತ್ತು. ಫೀಡ್‌ಬ್ಯಾಕನ್ನು ಕತ್ತರಿಸದೆ, ನಡೆಯುತ್ತಿರುವ ಯಂತ್ರಕ್ಕೇ ಸಣ್ಣ ಸಂಕೇತವೊಂದನ್ನು ಚುಚ್ಚಿ ಅಳೆಯುವ ಕ್ರಮವನ್ನು ಮಿಡಲ್‌ಬ್ರುಕ್ 1975ರ ಪ್ರಬಂಧದಲ್ಲಿ ವಿವರಿಸಿದರು. 1983ರಲ್ಲಿ ಡೀನ್ ವೆನೆಬಲ್ ಎಂಬವರು ಫೀಡ್‌ಬ್ಯಾಕಿನ ಬಿಡಿಭಾಗಗಳ ಬೆಲೆಯನ್ನು ಸುಲಭವಾಗಿ ಆರಿಸುವ ಕೆ ಫ್ಯಾಕ್ಟರ್ ಎಂಬ ಕ್ರಮ ಕೊಟ್ಟರು. ಊಹೆಯ ಕಾಲ ಮುಗಿಯುತ್ತ ಬಂತು.

ಸರಾಸರಿಗೂ ಒಂದು ಎಲ್ಲೆ

ಕ್ಯಾಲ್‌ಟೆಕ್ಕಿನಲ್ಲೇ ಡಾಕ್ಟರೇಟ್ ಪಡೆದ ವಾಚೆ ವೋರ್‌ಪೇರಿಯನ್ 1990ರಲ್ಲಿ ಇನ್ನೂ ಸುಲಭವಾದ ದಾರಿ ತೋರಿಸಿದರು. ಟ್ರಾನ್ಸಿಸ್ಟರ್ ಆಂಪ್ಲಿಫೈಯರಿನಲ್ಲಿ ನಾವು ಇಡೀ ಸರ್ಕಿಟ್ಟಿನ ಸರಾಸರಿ ತೆಗೆಯುವುದಿಲ್ಲ. ಟ್ರಾನ್ಸಿಸ್ಟರಿನ ಜಾಗದಲ್ಲಿ ಅದರ ಮಾದರಿಯನ್ನಿಟ್ಟು ಉಳಿದದ್ದನ್ನು ಹಾಗೆಯೇ ಬಿಡುತ್ತೇವೆ. ಕನ್ವರ್ಟರಿನಲ್ಲೂ ಸ್ವಿಚ್ಚು ಮತ್ತು ಡಯೋಡನ್ನು ಸೇರಿಸಿ ಮೂರು ಕಾಲಿನ ಒಂದೇ ವಸ್ತುವೆಂದು ತಿಳಿದು, ಅದರ ಮಾದರಿಯನ್ನಷ್ಟೇ ಇಟ್ಟರೆ ಆಯಿತಲ್ಲ! ಪಿ.ಡಬ್ಲ್ಯು.ಎಂ. ಸ್ವಿಚ್ ಮಾದರಿ ಎಂದು ಹೆಸರಾದ ಇದರಿಂದ ಪುಟಗಟ್ಟಲೆ ಲೆಕ್ಕ ಕೆಲವು ಸಾಲುಗಳಿಗೆ ಇಳಿಯಿತು.

ಅದೇ 1990ರಲ್ಲಿ ವರ್ಜೀನಿಯಾ ಟೆಕ್ಕಿನ ರೇ ರಿಡ್ಲಿ ಸರಾಸರಿಯ ಎಲ್ಲೆಯನ್ನು ಎತ್ತಿ ತೋರಿಸಿದರು. ಇಂಡಕ್ಟರಿನ ಕರೆಂಟನ್ನು ಪ್ರತಿ ಸುತ್ತಿನಲ್ಲೂ ನೋಡಿ ಸ್ವಿಚ್ಚನ್ನು ತೆಗೆಯುವ ಕರೆಂಟ್ ಮೋಡ್ ಎಂಬ ಕ್ರಮ ಆ ವೇಳೆಗೆ ಜನಪ್ರಿಯವಾಗಿತ್ತು. ಅದರಲ್ಲಿ ಸ್ವಿಚ್ಚು ಸುತ್ತಿನ ಅರ್ಧಕ್ಕಿಂತ ಹೆಚ್ಚು ಕಾಲ ಹಾಕಿದ್ದರೆ, ಒಂದು ಬಡಿತ ಉದ್ದ, ಮುಂದಿನದು ಗಿಡ್ಡ, ಮತ್ತೆ ಉದ್ದ, ಹೀಗೆ ಕುಂಟತೊಡಗುತ್ತದೆ. ಎರಡು ಬಡಿತಗಳ ಸರಾಸರಿ ಸರಿಯಾಗಿಯೇ ಇರುತ್ತದೆ! ಹೀಗಾಗಿ ಸರಾಸರಿಯ ಕಣ್ಣಿಗೆ ಈ ಕುಂಟು ಕಾಣುವುದೇ ಇಲ್ಲ. ಸ್ವಿಚ್ಚಿನ ವೇಗದ ಅರ್ಧದಲ್ಲಿ ಕುಳಿತ ಈ ತೂಗಾಟವನ್ನು ರಿಡ್ಲಿ ಮಾದರಿಯೊಳಗೆ ಸೇರಿಸಿ, ಅದನ್ನು ಎಷ್ಟು ತಣಿಸಬೇಕೆಂದು ಸರಳವಾಗಿ ಲೆಕ್ಕಹಾಕುವಂತೆ ಮಾಡಿದರು. ಎಲ್ಲವನ್ನೂ ಮರೆಯಬಾರದು, ಯಾವುದನ್ನು ಮರೆತರೆ ನಷ್ಟವಿಲ್ಲ ಎಂದು ತಿಳಿದು ಮರೆಯಬೇಕು ಎಂಬ ಪಾಠ ಪೂರ್ತಿಯಾದದ್ದು ಆಗಲೇ ಎನ್ನಬೇಕು.

ಬೆಂಗಳೂರಿಗೆ ಬಂದ ಎಳೆ

ಕ್ಯಾಲ್‌ಟೆಕ್ಕಿನ ಈ ಗುಂಪಿನಲ್ಲಿ ದುಡಿದವರಲ್ಲಿ ವಿ. ರಾಮನಾರಾಯಣನ್ ಒಬ್ಬರು. 1986ರಲ್ಲಿ ಅಲ್ಲಿ ಡಾಕ್ಟರೇಟ್ ಪಡೆದು, ಬೆಂಗಳೂರಿಗರು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯ ಎಲೆಕ್ಟ್ರಿಕಲ್ ವಿಭಾಗದಲ್ಲಿ ಅಧ್ಯಾಪಕರಾಗಿ ಕೆಲಸ ಮಾಡಿದರು. ಸ್ವಿಚ್ಡ್ ಮೋಡ್ ಪವರ್ ಕನ್ವರ್ಷನ್ ಬಗ್ಗೆ ಅವರು ಸಿದ್ಧಪಡಿಸಿದ ಪಾಠದ ಟಿಪ್ಪಣಿಗಳು ತರಗತಿಯ ಗೋಡೆ ದಾಟಿ ಭಾರತದ ಎಷ್ಟೋ ಇಂಜಿನಿಯರುಗಳ ಕೈಸೇರಿವೆ. ಪ್ಯಾಸಡೀನಾದ ಸರಾಸರಿ ವಿದ್ಯೆ ಮಲ್ಲೇಶ್ವರದ ಪಕ್ಕದಲ್ಲೇ ಪಾಠವಾಯಿತು ಎಂಬುದು ನಮಗೆ ಸಂತೋಷದ ಸಂಗತಿ.

ಇಂದು ಕಂಪ್ಯೂಟರು ಸ್ವಿಚ್ಚಿನ ಒಂದೊಂದು ಬಡಿತವನ್ನೂ ಕ್ಷಣದಲ್ಲಿ ಲೆಕ್ಕಹಾಕಿ ತೋರಿಸುತ್ತದೆ. ಹಾಗಾದರೆ ಈ ಹಳೆಯ ಮಾದರಿಗಳು ಏಕೆ ಬೇಕು ಎಂದು ಕಿರಿಯರು ಕೇಳಬಹುದು. ಕಂಪ್ಯೂಟರು ಏನಾಗುತ್ತದೆ ಎಂದು ಹೇಳುತ್ತದೆ, ಏಕೆ ಎಂದು ಹೇಳುವುದಿಲ್ಲ. ಇಂಡಕ್ಟರನ್ನು ಅರ್ಧ ಮಾಡಿದರೆ ಆ ತಂಟೆಯ ಝೀರೋ ಎರಡರಷ್ಟು ದೂರ ಹೋಗುತ್ತದೆ ಎಂಬುದು ಮಾದರಿಯ ಒಂದು ಸಾಲಿನಲ್ಲಿ ಎದ್ದು ಕಾಣುತ್ತದೆ. ಸಾವಿರ ಗ್ರಾಫುಗಳ ರಾಶಿಯಲ್ಲಿ ಅದನ್ನು ಹುಡುಕಬೇಕಾಗುತ್ತದೆ. 2010ರಲ್ಲಿ ತೀರಿಕೊಂಡ ಮಿಡಲ್‌ಬ್ರುಕ್ ತಮ್ಮ ವಿದ್ಯಾರ್ಥಿಗಳಿಗೆ ಕಲಿಸಿದ್ದೂ ಇದನ್ನೇ. ಉತ್ತರ ಸರಿಯಿದ್ದರೆ ಸಾಲದು, ಯಾವ ಭಾಗ ಯಾವ ಗುಣಕ್ಕೆ ಕಾರಣ ಎಂದು ಕಣ್ಣಿಗೆ ಕಾಣುವಂತೆ ಅದನ್ನು ಬರೆದಿರಬೇಕು.

ನಮ್ಮ ಸದಸ್ಯರಲ್ಲಿ ಈ ಕ್ಷೇತ್ರದಲ್ಲೇ ದುಡಿಯುವವರು ಇದ್ದಾರೆ. ಸೌರ ಫಲಕ, ವಿದ್ಯುತ್ ಕಾರು, ಡೇಟಾ ಸೆಂಟರುಗಳಲ್ಲಿ ಈ ವಿದ್ಯೆ ಈಗ ಹೇಗೆ ನಡೆಯುತ್ತಿದೆ ಎಂದು ಅವರು ಮುಂದಿನ ಸಂಚಿಕೆಗಳಲ್ಲಿ ಕನ್ನಡದಲ್ಲೇ ಬರೆಯಬೇಕೆಂದು ವಿನಂತಿ. ಪಾರಿಭಾಷಿಕ ಪದ ಸಿಗದಿದ್ದರೆ ಚಿಂತೆಯಿಲ್ಲ, ಇಂಡಕ್ಟರನ್ನು ಇಂಡಕ್ಟರೆಂದೇ ಬರೆಯಿರಿ. ವಿಷಯ ತಿಳಿಯಾಗಿದ್ದರೆ ಕನ್ನಡ ಅದನ್ನು ಹೊತ್ತುಕೊಂಡು ನಡೆಯುತ್ತದೆ.